ತೂತು ಬಿದ್ದ ಷೇರುಪತ್ರದ ಬಗ್ಗೆ

ಹಾಸನದ ಮಿತ್ರರೇ, ನೀವು ನೋಡಿದ ರಿಸಾರ್ಟ್ಸ್ ಇಂಟರ್‌ನ್ಯಾಷನಲ್ ಕಂಪನಿಯ ಹಳೆಯ ಷೇರುಪತ್ರದಲ್ಲಿ ತೂತುಗಳಿವೆ, ಸಂಗ್ರಹಕ್ಕೆ ಕೊಳ್ಳಬಹುದೇ ಎಂದು ಕೇಳಿದ್ದೀರಿ. ಧಾರಾಳವಾಗಿ ಕೊಳ್ಳಬಹುದು, ಷೇರು ಬೇರೆಯವರಿಗೆ ವರ್ಗವಾದಾಗ ಹಳೆಯ ಪತ್ರವನ್ನು ಹೀಗೆ ತೂತು ಹೊಡೆದು ರದ್ದುಪಡಿಸುವುದು ವಾಡಿಕೆಯಾಗಿತ್ತು. ಮೂಲತಃ ಗೋಡೆಯ ಬಣ್ಣ ಮಾರುತ್ತಿದ್ದು, 1978ರಲ್ಲಿ ಅಮೆರಿಕದ ಅಟ್ಲಾಂಟಿಕ್ ಸಿಟಿಯ ಮೊದಲ ಕಾನೂನುಬದ್ಧ ಕ್ಯಾಸಿನೊ ತೆರೆದು, 1989ರಲ್ಲಿ ಸಾಲದ ಹೊರೆಯಿಂದ ದಿವಾಳಿಯಾದ ಕಂಪನಿಯದು ಎಂಬ ಕಾರಣಕ್ಕೇ ಆ ಕಾಗದ ನನಗೆ ಅಮೂಲ್ಯವೆನಿಸುತ್ತದೆ. ಆದರೆ ಲಾಭದ ಆಸೆಯಿಂದ ಕೊಳ್ಳಬೇಡಿ. ಪತ್ರ ಅಸಲಿಯೇ ಎಂದು ತಿಳಿಯಲು ಅದರಲ್ಲಿನ ಚಿತ್ರದ ಮೇಲೆ ಬೆರಳಾಡಿಸಿ ನೋಡಿ: ಕೆತ್ತಿದ ಲೋಹದ ಅಚ್ಚಿನಿಂದ ಮುದ್ರಿಸಿದ ಗೆರೆಗಳು ತುಸು ಉಬ್ಬಿ ಕೈಗೆ ತಾಕುತ್ತವೆ, ಜೆರಾಕ್ಸ್ ಪ್ರತಿಯಲ್ಲಿ ಹಾಗಾಗುವುದಿಲ್ಲ. ನಮ್ಮ ಚಿಕ್ಕಮಗಳೂರಿನ ಮಳೆಗಾಲದ ಥಂಡಿಗೆ ಕಾಗದ ಬೂಷ್ಟು ಹಿಡಿಯುವುದರಿಂದ, ಲ್ಯಾಮಿನೇಷನ್ ಮಾಡಿಸದೆ, ಪಾಲಿಯೆಸ್ಟರ್ ಕವರಿನಲ್ಲಿ ಹಾಕಿ, ಹೊರಗೋಡೆಗೆ ತಾಗದ ಬೀರುವಿನಲ್ಲಿಡಿ.