ಟ್ಯಾಂಕರ್ ದುಡ್ಡು ಮತ್ತು ಅರ್ಧ ಪಾಠ

ರಾಜಾಜಿನಗರದಿಂದ ಒಬ್ಬ ತಾಯಿ ಬರೆದಿದ್ದಾರೆ: "ಮಗಳು ಬಿ.ಎ. ಎರಡನೇ ವರ್ಷ, ಅರ್ಥಶಾಸ್ತ್ರ. ಬೇಸಿಗೆಯಲ್ಲಿ ನಮ್ಮ ವಠಾರದವರು ಸೇರಿ ಟ್ಯಾಂಕರ್ ನೀರು ತರಿಸುತ್ತೇವೆ. ಈ ಸಲ ದುಡ್ಡು ಕೊಡಲು ಹೊರಟರೆ, 'ಮಿಕ್ಕವರು ಹೇಗೂ ಕೊಡ್ತಾರಮ್ಮ, ನಾವು ಕೊಡದಿದ್ರೂ ಸಂಪು ತುಂಬುತ್ತೆ' ಅಂದಳು. ಈ ಓದಿನಿಂದ ಮಕ್ಕಳು ಹೀಗಾಗ್ತಾರಾ ಸಾರ್?"

ಸಂಪಾದಕರ ಉತ್ತರ:

ಅಮ್ಮ, ನಿಮ್ಮ ಸಂಕಟ ನನಗೆ ಅರ್ಥವಾಗುತ್ತದೆ. ಇದೇ ಪ್ರಶ್ನೆಯನ್ನು ಅಮೆರಿಕದಲ್ಲಿ ಮಾರ್ವೆಲ್ ಮತ್ತು ಏಮ್ಸ್ ಎಂಬ ಇಬ್ಬರು ಪರೀಕ್ಷಿಸಿ ನೋಡಿ, 1981ರಲ್ಲಿ ಪ್ರಕಟಿಸಿದರು. ಪರೀಕ್ಷೆಗೆ ಬಂದ ಪ್ರತಿಯೊಬ್ಬರೂ ತಮ್ಮ ಕೈಗೆ ಬಂದದ್ದನ್ನು ಎಲ್ಲರಿಗೂ ಲಾಭ ತರುವ ಹುಂಡಿಗೆ ಹಾಕಬಹುದು, ಇಲ್ಲವೇ ತಾವೇ ಇಟ್ಟುಕೊಳ್ಳಬಹುದು. ಅರ್ಥಶಾಸ್ತ್ರ ಓದದ ಬೇರೆಯವರು ಹೆಚ್ಚುಕಡಿಮೆ ಅರ್ಧ ಹಾಕಿದರು. ಅರ್ಥಶಾಸ್ತ್ರದ ಸ್ನಾತಕೋತ್ತರ ವಿದ್ಯಾರ್ಥಿಗಳು ಹಾಕಿದ್ದು ನೂರಕ್ಕೆ ಸುಮಾರು 20.

ಇಷ್ಟಕ್ಕೇ ಗಾಬರಿಯಾಗಬೇಡಿ. ವಾಷಿಂಗ್ಟನ್ನಿನ ಒಂದು ವಿಶ್ವವಿದ್ಯಾಲಯದ ತರಗತಿಗಳಲ್ಲಿ ಬೇರೆ ಸಂಶೋಧಕರು 10 ಡಾಲರ್ ಇಟ್ಟ, ವಿಳಾಸ ಬರೆದ ಲಕೋಟೆಗಳನ್ನು ಬೀಳಿಸಿ ಬಂದರು. ಅರ್ಥಶಾಸ್ತ್ರದ ತರಗತಿಗಳಿಂದ ನೂರಕ್ಕೆ 56 ವಾಪಸ್ ಬಂದವು, ಬೇರೆ ತರಗತಿಗಳಿಂದ 31 ಮಾತ್ರ! ಓದಿನಿಂದ ಹೀಗಾಗುತ್ತಾರೋ, ಇಂಥ ಮನಸ್ಸಿನವರೇ ಈ ಓದಿಗೆ ಬರುತ್ತಾರೋ ಎಂಬ ವಾದವೂ ಮುಗಿದಿಲ್ಲ.

ನನಗನಿಸುವುದು, ನಿಮ್ಮ ಮಗಳು ಅರ್ಧ ಪಾಠ ಕಲಿತಿದ್ದಾಳೆ. ಅವಳು ಹೇಳಿದ್ದಕ್ಕೆ ಪುಸ್ತಕದಲ್ಲಿ 'ಫ್ರೀ ರೈಡರ್' ಅನ್ನುತ್ತಾರೆ. ಅದನ್ನು ಅಲ್ಲಿ ಒಂದು ತೊಂದರೆ ಅಂತ ಹೇಳಿಕೊಡುತ್ತಾರೆ. ಇವಳು ಉಪಾಯ ಅಂದುಕೊಂಡಿದ್ದಾಳೆ. ಪ್ರತಿ ಮನೆಯವರೂ ಹಾಗೇ ಅಂದರೆ ಟ್ಯಾಂಕರ್ ಬರೋದೇ ಇಲ್ಲ, ಅಲ್ವಾ?

ಉಳಿದರ್ಧ ಪಾಠ ಎಲಿನಾರ್ ಓಸ್ಟ್ರಮ್ ಅವರದು. 2009ರಲ್ಲಿ ಅರ್ಥಶಾಸ್ತ್ರಕ್ಕೆ ನೊಬೆಲ್ ಪಡೆದ ಮೊದಲ ಹೆಂಗಸು. ಅವರ ಸಂಶೋಧನೆ ಶುರುವಾದದ್ದೇ ಲಾಸ್ ಏಂಜಲೀಸ್ ಕಡೆಯ ಅಂತರ್ಜಲದಿಂದ. ಎಲ್ಲರೂ ಸಿಕ್ಕಷ್ಟು ನೀರೆತ್ತಿ, ಸಮುದ್ರದ ಉಪ್ಪುನೀರು ಒಳಗೆ ನುಗ್ಗುತ್ತಿತ್ತು. ಕೊನೆಗೆ ನೀರೆತ್ತುವವರೇ ಕೂತು ಮಾತಾಡಿ, ಕೋರ್ಟಿನ ಮೂಲಕ ತಮಗೆ ತಾವೇ ಮಿತಿ ಹಾಕಿಕೊಂಡರು. ಜನ ಸೇರಿ ನಿಯಮ ಮಾಡಿಕೊಂಡು ಪಾಲಿಸಬಲ್ಲರು ಎಂದು ಓಸ್ಟ್ರಮ್ ಊರೂರು ಸುತ್ತಿ ತೋರಿಸಿದರು. ನಮ್ಮ ಹಳ್ಳಿಗಳಲ್ಲಿ ಕೆರೆಯ ತೂಬು ಕಾಯ್ದು, ಗದ್ದೆಗಳಿಗೆ ಸರದಿಯಂತೆ ನೀರು ಬಿಡುತ್ತಿದ್ದ ನೀರುಗಂಟಿಯನ್ನು ನಿಮ್ಮ ಮನೆಯ ಹಿರಿಯರು ನೋಡಿರಬಹುದು. ಅವಳಿಗೆ ಅದನ್ನೂ ಹೇಳಿ.

ದಯವಿಟ್ಟು ಅವಳನ್ನು ಬೈಯಬೇಡಿ. ಲೆಕ್ಕ ಕೇಳುವ ಬುದ್ಧಿ ಒಳ್ಳೆಯದೇ. ಮುಂದಿನ ತಿಂಗಳು ಟ್ಯಾಂಕರ್ ಲೆಕ್ಕದ ಪುಸ್ತಕ ಅವಳ ಕೈಗೆ ಕೊಡಿ. ಮನೆ ಮನೆಗೆ ಹೋಗಿ ದುಡ್ಡು ಕೇಳಲಿ, ಯಾರು ಕೊಟ್ಟಿಲ್ಲ, ಯಾಕೆ ಅಂತ ಬರೆದಿಡಲಿ. ಆಮೇಲೆ ಅವಳೇ ನಮಗೊಂದು ಪತ್ರ ಬರೆದರೆ ಸಂತೋಷದಿಂದ ಓದುತ್ತೇನೆ.