ಓದುಗರ ಪ್ರಶ್ನೆ: ನದಿಯಂಚಿನ ಪಾರ್ಕಿಗೆ ಕಾಲುಸೇತುವೆ

ಪ್ರಶ್ನೆ: ಮುಠಾ ದಂಡೆಯ ಪಾರ್ಕಿಗೆ ನಡೆದು, ಸೈಕಲ್ಲಿನಲ್ಲಿ ಹೋಗಲು ಚಿಕ್ಕ ಸೇತುವೆ ಬೇಕೆಂದು ಪುಣೆ ಮಹಾನಗರಪಾಲಿಕೆಗೆ ಮನವಿ ಬರೆಯುತ್ತಿದ್ದೇವೆ. ಭಿಡೆ ಸೇತುವೆಯ ಹಾಗೆ ತಗ್ಗಿನಲ್ಲೇ ಕಟ್ಟಿದರೆ ಅಗ್ಗವಲ್ಲವೇ?
– ಕರ್ವೇನಗರದ ಓದುಗರು

ಉತ್ತರ: ಕಟ್ಟುವಾಗ ಅಗ್ಗ, ನಿಜ. ಆದರೆ ಖಡಕವಾಸಲಾ ಅಣೆಕಟ್ಟಿನಿಂದ ಹೆಚ್ಚು ನೀರು ಬಿಟ್ಟಾಗಲೆಲ್ಲ ಭಿಡೆ ಸೇತುವೆ ಮುಳುಗಿ ಬಂದ್ ಆಗುತ್ತದೆ. ಅದು ಭಾರದ ಕಾಂಕ್ರೀಟು, ತಡೆದುಕೊಳ್ಳುತ್ತದೆ. ಹಗುರ ಉಕ್ಕಿನ ಕಾಲುಸೇತುವೆಗೆ ಆ ಭಾಗ್ಯವಿಲ್ಲ. ಜಲಕುಂಬಿ, ಕೊಂಬೆ, ಪ್ಲಾಸ್ಟಿಕ್ಕು ರೇಲಿಂಗಿಗೆ ಸಿಕ್ಕಿಕೊಂಡರೆ ಅದೊಂದು ಅಡ್ಡಗೋಡೆಯೇ ಆಗಿ, ನೀರಿನ ನೂಕು ಪೂರ್ತಿ ಸೇತುವೆಯನ್ನು ಕಂಬದ ಮೇಲೆ ಕೂರಿಸುವ ಬೇರಿಂಗುಗಳ ಮೇಲೆ ಬೀಳುತ್ತದೆ.

ಆದ್ದರಿಂದ ಮೊದಲು ಜಲಸಂಪನ್ಮೂಲ ಇಲಾಖೆಯ ಪ್ರವಾಹ ರೇಖೆಗಳ ಮಟ್ಟ ಪಡೆಯಿರಿ: ನೀಲಿ ರೇಖೆ 25 ವರ್ಷಕ್ಕೊಮ್ಮೆ, ಕೆಂಪು ರೇಖೆ 100 ವರ್ಷಕ್ಕೊಮ್ಮೆ ಬರಬಹುದಾದ ನೆರೆಯದು. ಅಣೆಕಟ್ಟಿನಿಂದ 35,000 ಕ್ಯುಸೆಕ್ (ಸೆಕೆಂಡಿಗೆ ಅಷ್ಟು ಘನ ಅಡಿ) ಬಿಟ್ಟರೆಂದರೆ ಸೆಕೆಂಡಿಗೆ ಸುಮಾರು 1,000 ಘನ ಮೀಟರ್. 300ರಿಂದ 3,000 ಘನ ಮೀಟರ್ ಹರಿಯುವ ಕಡೆ, ನೆರೆಮಟ್ಟಕ್ಕೂ ಸೇತುವೆಯ ತಳಕ್ಕೂ ನಡುವೆ 1.2 ಮೀಟರ್ ತೆರವು ಬಿಡಬೇಕೆನ್ನುತ್ತದೆ ಇಂಡಿಯನ್ ರೋಡ್ಸ್ ಕಾಂಗ್ರೆಸ್ಸಿನ ಸಂಹಿತೆ.

ಎತ್ತರ ಹೆಚ್ಚಿದಂತೆ ರ‍್ಯಾಂಪು ಉದ್ದವಾಗುತ್ತದೆ. ಮನವಿಗಳಲ್ಲಿ ಮರೆಯುವುದು ಇದನ್ನೇ. ಸೈಕಲ್ಲಿಗೂ ಗಾಲಿಕುರ್ಚಿಗೂ ಹಿತವಾದ ಇಳಿಜಾರು 20ಕ್ಕೆ 1. ಐದು ಮೀಟರ್ ಇಳಿಯಲು ನೂರು ಮೀಟರ್ ರ‍್ಯಾಂಪು! ಕಂಬದಿಂದ ಕಂಬಕ್ಕೆ 30 ಮೀಟರ್ ಅಂಕಣವಿದ್ದು, ನಡೆಯುವ ಹಾಸಿನ ಕೆಳಗೆ ಗರ್ಡರ್ (ಉದ್ದನೆಯ ತೊಲೆ) ಇಟ್ಟರೆ ಅದರ ಆಳವೇ ಸುಮಾರು 1.5 ಮೀಟರ್. ಅದರ ಬದಲು ಎರಡು ಬದಿಗೂ ಟ್ರಸ್ (ತ್ರಿಕೋನಗಳ ಉಕ್ಕಿನ ಚೌಕಟ್ಟು) ನಿಲ್ಲಿಸಿ, ನಡುವೆ ಅಡ್ಡತೊಲೆಗಳ ಮೇಲೆ ಹಾಸು ಕೂರಿಸಿದರೆ ಕೆಳಗೆ ಬೇಕಾಗುವುದು 40 ಸೆಂಟಿಮೀಟರ್ ಮಾತ್ರ. ಒಂದೊಂದು ಕಡೆಗೆ ಸುಮಾರು 22 ಮೀಟರ್ ರ‍್ಯಾಂಪು ಕಡಿಮೆಯಾಯಿತು. ರಸ್ತೆಯ ಕಡೆ ದಂಡೆ ಎತ್ತರವಿದ್ದ ಜಾಗ ಹುಡುಕಿದರೆ ಅಲ್ಲಿ ರ‍್ಯಾಂಪೇ ಬೇಡ. ಪಾರ್ಕಿನ ಕಡೆಯ ರ‍್ಯಾಂಪಿನ ತುದಿ ನೆರೆಯಲ್ಲಿ ಮುಳುಗಿದರೂ ಅಡ್ಡಿಯಿಲ್ಲ, ಪಾರ್ಕೇ ಮುಚ್ಚಿರುತ್ತದಲ್ಲ. ಆದರೆ ಅದನ್ನು ಮಣ್ಣಿನ ಏರಿಯಾಗಿ ಕಟ್ಟಬೇಡಿ. ಹರಿವಿಗೆ ಸಮಾನಾಂತರವಾಗಿ ಕಂಬಗಳ ಮೇಲೆ ಇಳಿಸಿ.

ಪ್ರಶ್ನೆ: ಜನರಷ್ಟೇ ನಡೆಯುವ ಸೇತುವೆಗೆ ಅಷ್ಟು ಗಟ್ಟಿ ಉಕ್ಕು ಏಕೆ?
– ಯೆರವಡಾದ ಓದುಗರು

ಉತ್ತರ: ಗಣಪತಿ ವಿಸರ್ಜನೆಯ ದಿನ ನೆನೆಸಿಕೊಳ್ಳಿ. ಜನ ಕಿಕ್ಕಿರಿಯಬಹುದಾದ ಕಡೆ ಚದರ ಮೀಟರಿಗೆ 500 ಕಿಲೋ ಲೆಕ್ಕ ಹಿಡಿಯಬೇಕು. 30 ಮೀಟರ್ ಉದ್ದ, 3 ಮೀಟರ್ ಅಗಲಕ್ಕೆ ಅದು 45 ಟನ್. 2025ರ ಜೂನ್ 15ರಂದು ಕುಂಡಮಳಾದಲ್ಲಿ ಇಂದ್ರಾಯಣಿಯ ಹಳೆಯ ಕಬ್ಬಿಣದ ಸೇತುವೆ ಕುಸಿದದ್ದು ಪ್ರವಾಸಿಗರು ತುಂಬಿದ್ದಾಗಲೇ; ನಾಲ್ವರು ಸತ್ತರು.

ಗಟ್ಟಿಯಿದ್ದರಷ್ಟೇ ಸಾಲದು, ತೂಗಾಡಲೂಬಾರದು. ನಾವು ಸೆಕೆಂಡಿಗೆ ಸುಮಾರು ಎರಡು ಹೆಜ್ಜೆ ಇಡುತ್ತೇವೆ. ಸೇತುವೆಯ ಸಹಜ ಕಂಪನವೂ ಅಷ್ಟೇ ಇದ್ದರೆ ಕುಣಿತ ಶುರು. ಮೇಲೆ ಕೆಳಗಿನ ಕಂಪನ ಸೆಕೆಂಡಿಗೆ 3ಕ್ಕಿಂತ ಹೆಚ್ಚಿರಲಿ. ಅಂದಾಜಿಗೆ: ಸೇತುವೆ ತನ್ನ ತೂಕಕ್ಕೇ ನಡುವಿನಲ್ಲಿ ಎಷ್ಟು ಮಿಲಿಮೀಟರ್ ಬಾಗುತ್ತದೋ ಅದರ ವರ್ಗಮೂಲದಿಂದ 18ನ್ನು ಭಾಗಿಸಿ. 36 ಮಿ.ಮೀ. ಬಾಗಿದರೆ ಸರಿಯಾಗಿ 3, ಅಂದರೆ ಅಂಚಿನಲ್ಲಿದ್ದೀರಿ. ಪಕ್ಕಕ್ಕೆ ತೂಗುವುದನ್ನೂ ಪರೀಕ್ಷಿಸಬೇಕು. ಲಂಡನ್ನಿನ ಮಿಲೇನಿಯಂ ಸೇತುವೆಯನ್ನು 2000ದಲ್ಲಿ ತೆರೆದ ಎರಡೇ ದಿನಕ್ಕೆ ಮುಚ್ಚಿಸಿದ್ದು ಆ ತೂಗಾಟ.

ಅಡಿಪಾಯದ ಚಿಂತೆ ಪುಣೆಯಲ್ಲಿ ಕಡಿಮೆ: ಬಹಳ ಕಡೆ ಕಪ್ಪು ಬಂಡೆ ಮೇಲೇ ಸಿಗುತ್ತದೆ. ಆದರೂ ಪ್ರತಿ ಕಂಬದಡಿ ಕೊರೆದು ನೋಡದೆ ನಂಬಬೇಡಿ.

ಪ್ರಶ್ನೆ: ಬೈಕಿನವರು ನುಗ್ಗದಂತೆ ಏನು ಮಾಡುವುದು?
– ಕೋಥ್ರೂಡದ ಓದುಗರು

ಉತ್ತರ: ಗಾಲಿಕುರ್ಚಿಗೆ 90 ಸೆಂಟಿಮೀಟರ್ ಬೇಕು. ಅಷ್ಟರಲ್ಲಿ ಸ್ಕೂಟರೂ ನುಸುಳುತ್ತದೆ. ಗೂಟಗಳ ನಡುವೆ 1.2 ಮೀಟರ್ ಬಿಟ್ಟರೆ ರಿಕ್ಷಾ, ಕಾರು ತಡೆಯಬಹುದು, ಬೈಕನ್ನಲ್ಲ. ಅಡ್ಡಾದಿಡ್ಡಿ ಬೇಲಿ ಹಾಕಿದರೆ ಮೊದಲು ಸಿಕ್ಕಿಬೀಳುವುದು ಗಾಲಿಕುರ್ಚಿ. ಹತ್ತಿರದಲ್ಲೇ ವಾಹನಗಳ ಸೇತುವೆ ಇರುವ ಕಡೆ ಜಾಗ ಆರಿಸಿದರೆ ಬೈಕಿನವರಿಗೆ ಇಲ್ಲಿ ನುಗ್ಗಿ ಲಾಭವಿರುವುದಿಲ್ಲ.

ನಡೆಯುವ ಹಾಸಿನ ಮೇಲೆ ಉಬ್ಬುಗೆರೆಯ ಉಕ್ಕಿನ ತಗಡು ಬೇಡವೇ ಬೇಡ. ಮಳೆಗೆ ಸೈಕಲ್ ಜಾರುತ್ತದೆ. ಒರಟು ಮೇಲ್ಮೈಯ ಕಾಂಕ್ರೀಟ್ ಹಲಗೆಗಳನ್ನು ಅಡ್ಡಡ್ಡ ಜೋಡಿಸಿ. ಸಂದು ಉದ್ದಕ್ಕೆ ಬಂದರೆ ಸೈಕಲ್ಲಿನ ತೆಳು ಟೈರು ಅದರಲ್ಲಿ ಸಿಕ್ಕಿಕೊಳ್ಳುತ್ತದೆ. ರೇಲಿಂಗು 1.4 ಮೀಟರ್ ಇರಲಿ. ನಡೆಯುವವರಿಗೆ ಸಾಕಾಗುವ 1.1 ಮೀಟರ್ ಸೈಕಲ್ ಮೇಲೆ ಕೂತವರಿಗೆ ಸಾಲದು.