ಎಕ್ಸ್‌ಪೀರಿಯೆನ್ಸ್ ಉಂಟಾ ಅಂತ ಕೇಳಿದ್ರೆ ಎಂತ ಹೇಳುದು ಅಕ್ಕಾ?

ಪ್ರಶ್ನೆ: ಅಕ್ಕಾ ನಮಸ್ತೆ. ನಾನು ಮೂಡುಬಿದಿರೆ ಹತ್ತಿರದವಳು. ಹೋದ ವರ್ಷ ಬಿಕಾಂ ಮುಗೀತು, 68 ಪರ್ಸೆಂಟ್ ಉಂಟು, ಕಂಪ್ಯೂಟರಲ್ಲಿ ಲೆಕ್ಕ ಬರೆಯುವ ಟ್ಯಾಲಿ ಕೋರ್ಸ್ ಕೂಡ ಮೂರು ತಿಂಗಳು ಮಾಡಿದ್ದೇನೆ. ಹತ್ತು ತಿಂಗಳಿಂದ ಕೆಲಸ ಹುಡುಕ್ತಾ ಇದ್ದೇನೆ, ಆನ್‌ಲೈನಲ್ಲಿ ನೂರಕ್ಕಿಂತ ಜಾಸ್ತಿ ಕಡೆ ಅಪ್ಲೈ ಮಾಡಿದೆ, ಕರೆದದ್ದು ನಾಲ್ಕೇ ಕಡೆ, ಆ ನಾಲ್ಕು ಕಡೆಯಲ್ಲೂ ಕೂತ ಕೂಡ್ಲೇ ಕೇಳಿದ್ದು ಎಕ್ಸ್‌ಪೀರಿಯೆನ್ಸ್ ಉಂಟಾ ಅಂತ, ಇಲ್ಲ ಹೇಳಿದೆ, ಆಯ್ತು ಫೋನ್ ಮಾಡ್ತೇವೆ ಹೇಳಿದ್ರು, ಯಾರೂ ಮಾಡ್ಲಿಲ್ಲ. ಯಾರೂ ಕೆಲಸ ಕೊಡದೆ ಎಕ್ಸ್‌ಪೀರಿಯೆನ್ಸ್ ನಾನು ಎಲ್ಲಿಂದ ತರುದು? ಹಂಪನಕಟ್ಟೆಯಲ್ಲಿ ಒಂದು ಕನ್ಸಲ್ಟೆನ್ಸಿಯವರು 3,500 ಕಟ್ಟಿದ್ರೆ ಜಾಬ್ ಗ್ಯಾರಂಟಿ ಅಂತಾರೆ. ನನ್ನ ಮಾವನದ್ದು ಕೈಕಂಬದಲ್ಲಿ ಹಾರ್ಡ್‌ವೇರ್ ಅಂಗಡಿ ಉಂಟು, ಅಲ್ಲಿ ಒಂದು ವರ್ಷ ಅಕೌಂಟ್ಸ್ ನೋಡಿದ್ದೇನೆ ಅಂತ ಲೆಟರ್ ಬರೆದು ಕೊಡ್ತೇನೆ ಅಂತಾರೆ ಮಾವ, ಎಲ್ಲರೂ ಹಾಗೇ ಮಾಡುದಂತೆ. ನಾನು ಅಲ್ಲಿ ಒಂದು ದಿನವೂ ಕೂತವಳಲ್ಲ. ಅಮ್ಮ ಬೀಡಿ ಕಟ್ತಾರೆ, ಅವರ ಬೀಡಿ ಪುಸ್ತಕದ ಲೆಕ್ಕ ನಾನೇ ನೋಡುದು, ಅದು ಬಿಟ್ರೆ ಮನೆಯಲ್ಲಿ ಸುಮ್ನೆ ಕೂತಿದ್ದೇನೆ. ಇಂಗ್ಲಿಷ್ ಓದಿದ್ರೆ ಅರ್ಥ ಆಗ್ತದೆ, ಮಾತಾಡ್ಲಿಕ್ಕೆ ಬರುದಿಲ್ಲ. ನೆಂಟರ ಮದುವೆಗೆ ಹೋಗುದೇ ಬಿಟ್ಟಿದ್ದೇನೆ, ಎಲ್ಲರೂ ಕೇಳುದು ಅದನ್ನೇ.

ಉತ್ತರ: ತಂಗಿ, ನಿನ್ನ ಕಾಗದ ಎರಡು ಸಲ ಓದಿದೆ, ಆ ಬೀಡಿ ಪುಸ್ತಕದ ಸಾಲಿಗೆ ಬಂದಾಗ ಎರಡು ಸಲವೂ ನಿಂತೆ. ಅಮ್ಮನಿಗೆ ಬ್ರಾಂಚಿನಿಂದ ಎಷ್ಟು ಎಲೆ ಕೊಟ್ರು, ಎಷ್ಟು ಹೊಗೆಸೊಪ್ಪು ಕೊಟ್ರು, ಅದಕ್ಕೆ ಎಷ್ಟು ಸಾವಿರ ಬೀಡಿ ಆಗ್ಬೇಕಿತ್ತು, ಎಷ್ಟು ಆಯ್ತು, ಎಲೆ ಹಾಳು ಬಂದದ್ದರಿಂದ ಎಷ್ಟು ಕಡಿಮೆ ಬಿತ್ತು, ಬೀಡಿ ಸರಿ ಇಲ್ಲ ಅಂತ ಎಷ್ಟು ತಿರುಗಿ ಬಂತು, ಪಿಎಫ್ ಎಷ್ಟು ಕಟ್ ಆಯ್ತು, ಕೊನೆಗೆ ಕೈಗೆ ಬರ್ಬೇಕಾದ ಮಜೂರಿ ಎಷ್ಟು, ಇಷ್ಟನ್ನೂ ನೀನು ವಾರ ವಾರ ನೋಡ್ತಿ ಅಲ್ವಾ? ಬಿಕಾಂನಲ್ಲಿ ಕಾಸ್ಟ್ ಅಕೌಂಟಿಂಗ್ ಅಂತ ಓದಿದ್ದು ಇದನ್ನೇ. ಕೊಟ್ಟ ಕಚ್ಚಾ ಮಾಲು, ಆದ ಮಾಲು, ರಿಜೆಕ್ಷನ್, ಡಿಡಕ್ಷನ್, ಕೊಡುವ ಕೂಲಿ. ಪುಸ್ತಕದಲ್ಲಿ ಬರೆದದ್ದು ತಪ್ಪಿದ್ರೆ ಹಿಡೀಲಿಕ್ಕೆ ಗೊತ್ತುಂಟು ನಿಂಗೆ. ಅದನ್ನು ನೀನು ಸುಮ್ನೆ ಕೂತದ್ದು ಅಂತ ಬರೆದಿದ್ದಿ, ನಂಗೆ ಅದೇ ಬೇಜಾರು.

ನಾನು ಇಪ್ಪತ್ತು ವರ್ಷಕ್ಕಿಂತ ಹೆಚ್ಚು ಮಂಗಳೂರಿನ ಆಫೀಸುಗಳಲ್ಲಿ ಅಕೌಂಟ್ಸ್‌ನಲ್ಲೇ ಇದ್ದವಳು, ಹೊಸಬರನ್ನು ಇಂಟರ್‌ವ್ಯೂ ಮಾಡುವ ಕುರ್ಚಿಯಲ್ಲಿ ಸುಮಾರು ಸಲ ಕೂತಿದ್ದೇನೆ. ಎಕ್ಸ್‌ಪೀರಿಯೆನ್ಸ್ ಉಂಟಾ ಅಂತ ಕೇಳುವವರ ತಲೆಯಲ್ಲಿ ಇರುದು ಮೂರೇ ಹೆದರಿಕೆ. ಬಿಲ್ ಕೊಟ್ರೆ ಇವಳು ಸರಿ ಎಂಟ್ರಿ ಮಾಡ್ತಾಳಾ, ದುಡ್ಡಿನ ವಿಷಯದಲ್ಲಿ ನಂಬ್ಲಿಕ್ಕಾಗ್ತದಾ, ಮೂರು ತಿಂಗಳು ಕಲಿಸಿದ ಮೇಲೆ ಬೆಂಗಳೂರಿಗೆ ಅಂತ ಬಿಟ್ಟು ಹೋದ್ರೆ ಎಂತ ಮಾಡುದು. ನೀನು ಇಲ್ಲ ಅಂತ ಒಂದೇ ಮಾತಲ್ಲಿ ಮುಗಿಸಿದ್ರೆ ಆ ಮೂರು ಹೆದರಿಕೆಯೂ ಅವರ ಹತ್ತಿರವೇ ಉಳೀತದೆ, ಅದಕ್ಕೇ ಫೋನ್ ಬರುದಿಲ್ಲ. ಮುಂದಿನ ಸಲ ಹೀಗೆ ಹೇಳು: "ಆಫೀಸಲ್ಲಿ ಮಾಡ್ಲಿಲ್ಲ ಸರ್, ಅಮ್ಮನ ಬೀಡಿ ಲೆಕ್ಕ ಪೂರಾ ನಾನೇ ಇಟ್ಟುಕೊಳ್ಳುದು, ಟ್ಯಾಲಿ ಗೊತ್ತುಂಟು, ಈಗ ಒಂದಷ್ಟು ಬಿಲ್ ಕೊಡಿ, ಇಲ್ಲೇ ಕೂತು ಮಾಡಿ ತೋರಿಸ್ತೇನೆ." ಕೊನೆಯ ಆ ಮಾತು ಹೇಳುವ ಫ್ರೆಶರ್ ನಂಗೆ ಇಷ್ಟು ವರ್ಷದಲ್ಲಿ ಬೆರಳೆಣಿಕೆಯಷ್ಟು ಸಿಕ್ಕಿದ್ದು, ಅವರಲ್ಲಿ ಒಬ್ಬರನ್ನೂ ನಾನು ಹಾಗೇ ವಾಪಸ್ ಕಳಿಸ್ಲಿಲ್ಲ.

ಈಗ ಮಾವನ ಲೆಟರ್. ಬೇಡ ತಂಗಿ. ಒಂದು ವರ್ಷ ಅಕೌಂಟ್ಸ್ ನೋಡಿದ್ದೇನೆ ಅಂತ ಲೆಟರ್ ತಂದವಳ ಹತ್ತಿರ ನಾನು ಮೊದಲು ಕೇಳುದೇ ಪರ್ಚೇಸ್ ರಿಟರ್ನ್ ಹೇಗೆ ಹಾಕ್ತಿದ್ದಿ, ತಿಂಗಳ ಕೊನೆಗೆ ಬ್ಯಾಂಕ್ ಸ್ಟೇಟ್‌ಮೆಂಟ್ ತಾಳೆ ಆಗದಿದ್ರೆ ಎಲ್ಲಿಂದ ಹುಡುಕ್ಲಿಕ್ಕೆ ಶುರು ಮಾಡ್ತಿದ್ದಿ ಅಂತ, ಎರಡನೇ ಪ್ರಶ್ನೆಗೇ ಗೊತ್ತಾಗಿ ಬಿಡ್ತದೆ, ಮತ್ತೆ ನೀನು ಹೇಳುವ ನಿಜವನ್ನೂ ಯಾರೂ ನಂಬುದಿಲ್ಲ. ಆದ್ರೆ ಮಾವನಿಗೆ ನಿನ್ನ ಮೇಲೆ ಪ್ರೀತಿ ಉಂಟು ಅನ್ನುದು ಗೊತ್ತಾಯ್ತಲ್ಲ, ಅವರ ಹತ್ತಿರ ಲೆಟರ್ ಬದಲು ಕುರ್ಚಿ ಕೇಳು. ಮಾವಾ ಮೂರು ತಿಂಗಳು ಅಂಗಡಿಯಲ್ಲಿ ಕೂತ್ಕೊಳ್ತೇನೆ, ಬಸ್ಸಿನ ದುಡ್ಡು ಕೊಟ್ರೆ ಸಾಕು ಅಂತ ಹೇಳು. ಹಾರ್ಡ್‌ವೇರ್ ಅಂಗಡಿಯಷ್ಟು ಒಳ್ಳೆ ಶಾಲೆ ಅಕೌಂಟ್ಸ್‌ಗೆ ಬೇರೆ ಇಲ್ಲ, ಪೈಪು, ಪೇಂಟು, ಮೊಳೆ, ತಂತಿ, ಜಿಎಸ್‌ಟಿ ಬಿಲ್ಲಿಗೆ ಒಂದೊಂದು ಮಾಲಿಗೂ ಬೇರೆ ಎಚ್‌ಎಸ್‌ಎನ್ ಕೋಡು, ಅರ್ಧ ಗಿರಾಕಿಗಳದ್ದು ಸಾಲ, ಕಂಟ್ರಾಕ್ಟರುಗಳದ್ದು ತಿಂಗಳ ಲೆಕ್ಕ. ಮೂರು ತಿಂಗಳು ಆದ ಮೇಲೆ ಮಾವ ಮೂರು ತಿಂಗಳದ್ದೇ ಲೆಟರ್ ಕೊಡ್ಲಿ, ಅದರಲ್ಲಿ ನೀನು ಎಂತೆಂತ ಮಾಡಿದ್ದಿ ಅಂತ ಬರೀಲಿ. ಸುಳ್ಳು ಒಂದು ವರ್ಷಕ್ಕಿಂತ ಆ ಮೂರು ತಿಂಗಳಿಗೆ ತೂಕ ಜಾಸ್ತಿ, ಎಂತ ಕೇಳಿದ್ರೂ ನಿನ್ನ ಹತ್ತಿರ ಉತ್ತರ ಇರ್ತದೆ.

3,500 ಕೇಳಿದವರ ಹತ್ತಿರ ಮತ್ತೆ ಹೋಗ್ಬೇಡ. ಕೆಲಸ ಕೊಡುವವರು ಕೆಲಸ ಕೇಳುವವರ ಹತ್ತಿರ ದುಡ್ಡು ತಗೊಳ್ಳುದಿಲ್ಲ. ರಿಜಿಸ್ಟ್ರೇಷನ್, ಯೂನಿಫಾರ್ಮ್, ಲ್ಯಾಪ್‌ಟಾಪ್ ಡೆಪಾಸಿಟ್, ಹೆಸರು ಎಂತ ಇಟ್ರೂ ಅಷ್ಟೇ. ಟೆಲಿಗ್ರಾಮಲ್ಲಿ ವಿಡಿಯೋ ಲೈಕ್ ಮಾಡಿದ್ರೆ ದಿನಕ್ಕೆ ಎರಡು ಸಾವಿರ ಅಂತ ಮೆಸೇಜ್ ಬರ್ತದಲ್ಲ, ಮೊದಲು ನೂರಿನ್ನೂರು ನಿಜವಾಗಿ ಹಾಕ್ತಾರೆ, ಮತ್ತೆ ನಿನ್ನಿಂದಲೇ ಕಟ್ಟಿಸ್ತಾರೆ. ಯಾರಾದ್ರೂ ಹಾಗೆ ಕಳ್ಕೊಂಡ್ರೆ ಕೂಡ್ಲೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡ್ಬೇಕು, ಬೇಗ ಮಾಡಿದಷ್ಟು ಆ ದುಡ್ಡು ತಡೆಹಿಡೀಲಿಕ್ಕೆ ಸುಲಭ. ಇನ್ನೊಂದು, ಕೆಲಸಕ್ಕೆ ಸೇರುವಾಗ ಒರಿಜಿನಲ್ ಮಾರ್ಕ್ಸ್‌ಕಾರ್ಡ್ ಯಾರ ಕೈಯಲ್ಲೂ ಬಿಟ್ಟು ಬರ್ಬೇಡ, ತೋರಿಸಿ ಝೆರಾಕ್ಸ್ ಕೊಟ್ಟು ಬಾ. ನನ್ನ ಸ್ವಂತ ಅನುಭವ ಇದು, ಮೊದಲ ಕೆಲಸದಲ್ಲಿ ಒಬ್ಬರ ಹತ್ತಿರ ಬಿಟ್ಟು ಎಂಟು ತಿಂಗಳು ಅದಕ್ಕಾಗಿ ಅಲೆದಿದ್ದೇನೆ, ಆ ಮಧ್ಯೆ ಬಂದ ಒಂದು ಒಳ್ಳೆ ಕೆಲಸ ಕೈತಪ್ಪಿ ಹೋಯ್ತು.

ಆನ್‌ಲೈನಲ್ಲಿ ನೂರು ಕಡೆ ಹಾಕಿದ್ದಿ ಸರಿ. ಆದ್ರೆ ನಮ್ಮ ಊರಿನ ಸಣ್ಣ ಆಫೀಸುಗಳು, ಬಲ್ಮಠ, ಕೊಡಿಯಾಲ್‌ಬೈಲ್, ಬಂಟ್ಸ್ ಹಾಸ್ಟೆಲ್ ಸುತ್ತಿನ ಸಿಎ ಆಫೀಸು, ಬಂದರಿನ ಹೋಲ್‌ಸೇಲ್ ಅಂಗಡಿ, ಬೈಕಂಪಾಡಿಯ ಸಣ್ಣ ಫ್ಯಾಕ್ಟರಿ, ಇವರಲ್ಲಿ ತುಂಬ ಜನ ಆನ್‌ಲೈನಲ್ಲಿ ಹಾಕುದೇ ಇಲ್ಲ, ಒಬ್ಬಳು ಮದುವೆ ಆಗಿ ಬಿಟ್ಟು ಹೋದ್ರೆ ಯಾರಾದ್ರೂ ಗೊತ್ತುಂಟಾ ಅಂತ ಪಕ್ಕದವರ ಹತ್ತಿರ ಕೇಳ್ತಾರೆ. ಅಲ್ಲಿಗೆ ನೀನು ಕಾಲಲ್ಲಿ ನಡೆದು ಹೋಗ್ಬೇಕು. ಹೋಗುದಕ್ಕೂ ದಿನ ಉಂಟು. ತಿಂಗಳ ಜಿಎಸ್‌ಟಿ ರಿಟರ್ನ್‌ನಲ್ಲಿ ಮಾರಾಟದ ಲೆಕ್ಕ ಕೊಡುವ ಜಿಎಸ್‌ಟಿಆರ್ 1ಕ್ಕೆ 11ನೇ ತಾರೀಕು, ಟ್ಯಾಕ್ಸ್ ಕಟ್ಟುವ ಜಿಎಸ್‌ಟಿಆರ್ 3ಬಿಗೆ 20ನೇ ತಾರೀಕು ಕೊನೆ, ಅಷ್ಟರವರೆಗೆ ಅವರಿಗೆ ತಲೆ ಎತ್ಲಿಕ್ಕೆ ಪುರ್ಸೊತ್ತಿಲ್ಲ, ನೀನು ಬಯೋಡಾಟ ಕೊಟ್ರೆ ಮೇಜಿನ ಯಾವುದೋ ಫೈಲಿನ ಅಡಿಗೆ ಹೋಗ್ತದೆ. 21ರ ನಂತರ ಹೋಗು, ಮಧ್ಯಾಹ್ನ ಊಟ ಆಗಿ ಮೂರು ಗಂಟೆ ಹೊತ್ತಿಗೆ. ಜೂನ್‌ನಲ್ಲಿ ಇನ್‌ಕಮ್ ಟ್ಯಾಕ್ಸ್ ರಿಟರ್ನ್ ಸೀಸನ್ ಶುರು ಆಗುವಾಗ ಹೆಚ್ಚಿನ ಜನ ಬೇಕಾಗ್ತದೆ, ಅದಕ್ಕಿಂತ ಸ್ವಲ್ಪ ಮೊದಲೇ ಒಮ್ಮೆ ಮುಖ ತೋರಿಸಿ ಬಂದಿರು.

ಟ್ಯಾಲಿ ಕೋರ್ಸ್ ಮಾಡಿ ಬಿಟ್ರೆ ಆರು ತಿಂಗಳಲ್ಲಿ ಮರೆತು ಹೋಗ್ತದೆ. ಎಜುಕೇಷನಲ್ ಮೋಡ್‌ನಲ್ಲಿ ಲೈಸೆನ್ಸ್ ಇಲ್ಲದೆ ಓಡ್ತದೆ, ತಿಂಗಳ ಕೆಲವೇ ತಾರೀಕಿನ ಎಂಟ್ರಿ ಮಾತ್ರ ಆಗುದು, ಕಲೀಲಿಕ್ಕೆ ಅಷ್ಟು ಸಾಕು. ಕೀಬೋರ್ಡಿನಲ್ಲಿ ಎಫ್5 ಪೇಮೆಂಟ್, ಎಫ್6 ರಿಸೀಟ್, ಎಫ್8 ಸೇಲ್ಸ್, ಎಫ್9 ಪರ್ಚೇಸ್, ಬೆರಳು ತಾನಾಗಿ ಹೋಗ್ಬೇಕು. ನಾನು ಹೊಸಬರಿಗೆ ಕೇಳುವ ಒಂದು ಪ್ರಶ್ನೆ ಹೇಳ್ತೇನೆ: ಮಂಗಳೂರಿನ ಅಂಗಡಿಯವರು ಕುಂದಾಪುರಕ್ಕೆ ಮಾಲು ಕಳಿಸಿದ್ರೆ ಯಾವ ಟ್ಯಾಕ್ಸ್, ಕಾಸರಗೋಡಿಗೆ ಕಳಿಸಿದ್ರೆ ಯಾವ ಟ್ಯಾಕ್ಸ್? ಕಾಸರಗೋಡು ನಮಗೆ ಕುಂದಾಪುರಕ್ಕಿಂತ ಹತ್ತಿರ, ಆದ್ರೆ ಅದು ಕೇರಳ, ಹಾಗಾಗಿ ಬೇರೆ ರಾಜ್ಯಕ್ಕೆ ಹಾಕುವ ಐಜಿಎಸ್‌ಟಿ. ಕುಂದಾಪುರ ನಮ್ಮದೇ ರಾಜ್ಯ, ಅದಕ್ಕೆ ಕೇಂದ್ರದ ಸಿಜಿಎಸ್‌ಟಿ, ರಾಜ್ಯದ ಎಸ್‌ಜಿಎಸ್‌ಟಿ ಅರ್ಧರ್ಧ. ರ‍್ಯಾಂಕ್ ಬಂದವರೂ ಇಲ್ಲಿ ತಡವರಿಸಿದ್ದನ್ನು ನೋಡಿದ್ದೇನೆ.

ಬಯೋಡಾಟ ಒಂದೇ ಪುಟ ಮಾಡು. ಮೇಲೆ ಆಬ್ಜೆಕ್ಟಿವ್ ಅಂತ ನಾಲ್ಕು ಸಾಲು ಎಲ್ಲರೂ ಕಾಪಿ ಹೊಡೆದು ಹಾಕ್ತಾರೆ, ಅದನ್ನು ತೆಗೆದು ಆ ಜಾಗದಲ್ಲಿ ಬೀಡಿ ಲೆಕ್ಕ, ಮಾವನ ಅಂಗಡಿ, ಊರಿನ ಗಣೇಶೋತ್ಸವದ ರಶೀದಿ ಪುಸ್ತಕ ಬರೆದಿದ್ರೆ ಅದು, ಸ್ವಸಹಾಯ ಸಂಘದ ಪುಸ್ತಕ ಬರೆದಿದ್ರೆ ಅದು, ಎಷ್ಟು ಸಮಯ ಎಂತ ಮಾಡಿದ್ದಿ ಅಂತ ಬರಿ. ಭಾಷೆಗಳನ್ನು ಬರಿ, ತುಳು ಬರ್ತದೆ ಅಂತಲೂ ಬರಿ, ಕೊಂಕಣಿಯೋ ಬ್ಯಾರಿಯೋ ಮಲಯಾಳವೋ ಅರ್ಥ ಆಗ್ತದಾದ್ರೆ ಅದನ್ನೂ. ಬಾಕಿ ವಸೂಲಿಗೆ ಫೋನ್ ಮಾಡುವಾಗ ಪಾರ್ಟಿಯ ಭಾಷೆಯಲ್ಲಿ ಮಾತಾಡುವವರಿಗೆ ದುಡ್ಡು ಬೇಗ ಬರ್ತದೆ, ಇದು ಇಲ್ಲಿನ ಎಲ್ಲ ಮಾಲಕರಿಗೂ ಗೊತ್ತು. ಇಂಗ್ಲಿಷಿಗೆ ಹೆದ್ರಬೇಡ, ಅಕೌಂಟ್ಸ್‌ನಲ್ಲಿ ದಿನಕ್ಕೆ ಬೇಕಾಗುದು ಹತ್ತು ಹದಿನೈದು ವಾಕ್ಯ, ಬಿಲ್ ಬಂತು, ಪೇಮೆಂಟ್ ಬಾಕಿ ಉಂಟು, ದಯವಿಟ್ಟು ಕನ್ಫರ್ಮ್ ಮಾಡಿ, ಅಷ್ಟೇ, ಅದನ್ನು ಬರೆದಿಟ್ಟು ಕನ್ನಡಿ ಎದುರು ಜೋರಾಗಿ ಹೇಳು.

ಬ್ಯಾಂಕಿನ ಕಡೆಯೂ ಒಮ್ಮೆ ನೋಡು. ಕೆನರಾ ಬ್ಯಾಂಕ್ 1906ರಲ್ಲಿ ನಮ್ಮ ಮಂಗಳೂರಿನಲ್ಲೇ ಶುರುವಾದದ್ದಲ್ವಾ, ಅವರು 2024ರಲ್ಲಿ 3,000 ಪದವೀಧರ ಅಪ್ರೆಂಟಿಸ್‌ಗಳನ್ನು, ಅಂದ್ರೆ ಕೆಲಸ ಕಲಿಯುವವರನ್ನು, ಕರೆದಿದ್ರು, ತಿಂಗಳಿಗೆ 15,000, ಒಂದು ವರ್ಷ, ಕೆಲಸದ ಅನುಭವ ಕೇಳ್ಲಿಲ್ಲ, ಪಿಯುಸಿ ಅಥವಾ ಡಿಪ್ಲೊಮಾ ಮಾರ್ಕ್ಸ್ ಮೇಲೆ ಆಯ್ಕೆ. ವರ್ಷ ಮುಗಿದ ಮೇಲೆ ಅಲ್ಲೇ ಪರ್ಮನೆಂಟ್ ಅಂತ ಇಲ್ಲ, ಆದ್ರೆ ಬ್ಯಾಂಕಿನಲ್ಲಿ ಒಂದು ವರ್ಷ ಇದ್ದವಳು ಅನ್ನುದು ಸಣ್ಣ ಮಾತಲ್ಲ. ಕೇಂದ್ರ ಸರ್ಕಾರದ ಅಪ್ರೆಂಟಿಸ್ ವೆಬ್‌ಸೈಟ್ ನ್ಯಾಟ್ಸ್ ಪೋರ್ಟಲ್‌ನಲ್ಲಿ ಈಗಲೇ ಹೆಸರು ಹಾಕಿಡು, ಇಂಥದ್ದು ಬಂದಾಗ ಓಡುದು ತಪ್ತದೆ. ನಿನ್ನ ಮನೆ ಹತ್ತಿರವೇ ವಿದ್ಯಾಗಿರಿಯಲ್ಲಿ ಆಳ್ವಾಸ್‌ನವರ ಪ್ರಗತಿ ಉದ್ಯೋಗಮೇಳ ಆಗ್ತದೆ, ಹೊರಗಿನ ಕಾಲೇಜಿನವರಿಗೂ ಪ್ರವೇಶ ಉಂಟು, ಫೀಸ್ ಇಲ್ಲ. ರಾಜ್ಯ ಸರ್ಕಾರದ ಯುವನಿಧಿ ಸಿಗ್ತದಾ ಅಂತ ಸೇವಾಸಿಂಧು ವೆಬ್‌ಸೈಟಿನಲ್ಲಿ ಒಮ್ಮೆ ನೋಡು, ಪಾಸಾಗಿ 180 ದಿನ ಆದ್ರೂ ಕೆಲಸ ಸಿಗದ ಪದವೀಧರರಿಗೆ ತಿಂಗಳಿಗೆ 3,000, ಹೆಚ್ಚೆಂದ್ರೆ ಎರಡು ವರ್ಷ, ನಿನ್ನ ಬಸ್ಸಿನ ಖರ್ಚಾದ್ರೂ ಆಗ್ತದೆ.

ಕೆಲಸ ಕೊಡ್ತೇವೆ ಅಂದಾಗ ಖುಷಿಯಲ್ಲಿ ಕೇಳದೆ ಬರ್ಬೇಡ. ಸಂಬಳ ಯಾವ ತಾರೀಕಿಗೆ, ಬ್ಯಾಂಕಿಗೆ ಹಾಕ್ತೀರಾ, ಪಿಎಫ್, ಕಾಯಿಲೆಗೆ ಆಗುವ ಇಎಸ್ಐ ವಿಮೆ ಉಂಟಾ. ಸಾಮಾನ್ಯವಾಗಿ ಹತ್ತು ಜನ ಇದ್ದಲ್ಲಿ ಇಎಸ್ಐ, ಇಪ್ಪತ್ತು ಜನ ಇದ್ದಲ್ಲಿ ಪಿಎಫ್ ಕೊಡ್ಬೇಕು. ಇಎಸ್ಐಗೆ ನಿನ್ನ ಸಂಬಳದಿಂದ ಹೋಗುದು 0.75 ಪರ್ಸೆಂಟ್, 3.25 ಅವರು ಹಾಕ್ತಾರೆ. ಮತ್ತೆ ಸಂಜೆ ಎಷ್ಟು ಗಂಟೆಗೆ ಬಿಡ್ತಾರೆ ಅಂತ ಕೇಳು, ರಾತ್ರಿ ಮಂಗಳೂರಿನ ಸ್ಟೇಟ್‌ಬ್ಯಾಂಕ್ ಬಸ್‌ಸ್ಟ್ಯಾಂಡಿನಿಂದ ಮೂಡುಬಿದಿರೆ ಬಸ್ಸು ಸಿಕ್ಕಿದ್ರೂ ಅಲ್ಲಿಂದ ನಿನ್ನ ಮನೆಗೆ ಹೋಗುದು ಹೇಗೆ ಅಂತ ಅಮ್ಮ ಬಾಗಿಲಲ್ಲೇ ಕಾಯ್ತಾ ಇರ್ತಾರೆ.

ನೆಂಟರ ಮದುವೆಗೆ ಹೋಗು ತಂಗಿ. ಬೇಜಾರಾಗ್ತದೆ ಗೊತ್ತುಂಟು. ಆದ್ರೆ ಕೆಲಸ ಆಯ್ತಾ ಅಂತ ಕೇಳಿದ ಚಿಕ್ಕಮ್ಮನ ಹತ್ತಿರವೇ, ಇಲ್ಲ ಚಿಕ್ಕಮ್ಮ, ಅಕೌಂಟ್ಸ್ ಕೆಲಸ ನೋಡ್ತಾ ಇದ್ದೇನೆ, ಎಲ್ಲಿಯಾದ್ರೂ ಗೊತ್ತಾದ್ರೆ ಹೇಳಿ ಅಂತ ಹೇಳಿ ನಂಬರ್ ಕೊಡು. ನಂಗೆ ಮೊದಲ ಕೆಲಸ ಸಿಕ್ಕಿದ್ದು ಹಾಗೇ, ಅಮ್ಮನ ಜೊತೆ ಮದುವೆ ಊಟಕ್ಕೆ ಕೂತಿದ್ದಾಗ ಎದುರಿನ ಸಾಲಲ್ಲಿ ಕೂತವರಿಗೆ ಬಂದರಿನಲ್ಲಿ ಅಂಗಡಿ ಇತ್ತು.

ಪ್ರಶ್ನೆ: ಅಕ್ಕಾ, ನಾನು ಕುಂದಾಪುರ ಕಡೆಯವ, 20 ವರ್ಷ, ಪಿಯುಸಿ ಆಗಿದೆ. ಹೈಸ್ಕೂಲಿನಿಂದಲೇ ರಜೆಯಲ್ಲಿ ಕ್ಯಾಟರಿಂಗ್‌ಗೆ ಬಡಿಸ್ಲಿಕ್ಕೆ ಹೋಗ್ತೇನೆ. ಒಬ್ಬರು 90 ಸಾವಿರ ಕೊಟ್ರೆ ದುಬೈಗೆ ವಿಸಿಟ್ ವೀಸಾದಲ್ಲಿ ಕಳಿಸ್ತಾರಂತೆ, ಹೋಟೆಲ್ ಕೆಲಸ ಅಲ್ಲಿ ಹೋದ ಮೇಲೆ ಸಿಗ್ತದಂತೆ. ಹೋಗ್ಬಹುದಾ?

ಉತ್ತರ: ಬೇಡ ತಮ್ಮಾ. ವಿಸಿಟ್ ವೀಸಾದಲ್ಲಿ ಅಲ್ಲಿ ಕೆಲಸ ಮಾಡುದು ಕಾನೂನಿಗೆ ವಿರುದ್ಧ, ಸಂಬಳ ಕೊಡದಿದ್ರೂ ದೂರು ಕೊಡ್ಲಿಕ್ಕೆ ನಿನ್ನ ಹತ್ತಿರ ಕಾಗದ ಇರುದಿಲ್ಲ. ವಿದೇಶಕ್ಕೆ ಕೆಲಸಕ್ಕೆ ಕಳಿಸುವ ಏಜೆಂಟರಿಗೆ ಸರ್ಕಾರದ ರಿಜಿಸ್ಟ್ರೇಷನ್ ಇರ್ಬೇಕು, ಕೇಂದ್ರ ಸರ್ಕಾರದ ಇಮೈಗ್ರೇಟ್ ವೆಬ್‌ಸೈಟಲ್ಲಿ ಅವರ ಹೆಸರು ಹುಡುಕಿ ನೋಡು. ಅವರು ತಗೊಳ್ಳಬಹುದಾದ ಸರ್ವಿಸ್ ಚಾರ್ಜ್ 30,000 ಮತ್ತು ಅದರ ಮೇಲಿನ ಜಿಎಸ್‌ಟಿ, ಅದಕ್ಕಿಂತ ಹೆಚ್ಚಿಲ್ಲ. 90 ಸಾವಿರ ಕೇಳುವಲ್ಲೇ ನಿಂಗೆ ಉತ್ತರ ಸಿಕ್ತು.

ಸಾವಿರ ಜನರ ಮದುವೆಯಲ್ಲಿ ಪಂಕ್ತಿ ಮೇಲೆ ಪಂಕ್ತಿ ಬಡಿಸಿದವನಿಗೆ ಅನುಭವ ಇಲ್ಲ ಅಂತ ಯಾರು ಹೇಳಿದ್ದು? ಕ್ಯಾಟರಿಂಗ್‌ನವರ ಹತ್ತಿರ ಎಷ್ಟು ವರ್ಷ ಬಂದಿದ್ದಿ, ಎಂತ ಕೆಲಸ ಮಾಡಿದ್ದಿ ಅಂತ ಒಂದು ಕಾಗದ ಬರೆಸ್ಕೊ. 30 ಜನ ಅಥವಾ ಅದಕ್ಕಿಂತ ಹೆಚ್ಚು ಕೆಲಸದವರಿರುವಲ್ಲಿ ಅಪ್ರೆಂಟಿಸ್‌ಗಳನ್ನು ತಗೊಳ್ಳಲೇಬೇಕು ಅಂತ ಕಾನೂನು ಉಂಟು, ಅದಕ್ಕೆ ದೊಡ್ಡ ಹೋಟೆಲುಗಳೂ ಸೇರ್ತವೆ, ಮಣಿಪಾಲ, ಉಡುಪಿ, ಮಂಗಳೂರಿನ ಹೋಟೆಲುಗಳ ಎಚ್‌ಆರ್ ಹತ್ತಿರ ಅದನ್ನೇ ಹೆಸರು ಹಿಡಿದು ಕೇಳು. ಎರಡು ವರ್ಷ ಇಲ್ಲಿ ಒಳ್ಳೆ ಹೋಟೆಲಲ್ಲಿ ಮಾಡಿ, ಆಮೇಲೆ ಎಂಪ್ಲಾಯ್‌ಮೆಂಟ್ ವೀಸಾ ಕೈಯಲ್ಲಿ ಹಿಡ್ಕೊಂಡು ದುಬೈಗೆ ಹೋಗು. ಆ 90 ಸಾವಿರಕ್ಕೆ ಅಮ್ಮನ ಬಂಗಾರ ಅಡವಿಡುವ ಯೋಚನೆ ಇದ್ರೆ ದಯವಿಟ್ಟು ಇವತ್ತೇ ನಿಲ್ಲಿಸು.